ಹಳದಿ ಉಳಿದ ಫ್ಲಾಸ್ಕು

ಹಾಸ್ಟೆಲ್, ಜನವರಿ 8

ಆಮೆ,

ಫೋನ್ ಮಾಡಿದರೆ ಎತ್ತುವುದಿಲ್ಲ. ಮೆಸೇಜು ಓದುತ್ತೀಯ, ಉತ್ತರ ಕೊಡುವುದಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನು ಹರಿದು ಬಿಸಾಡಬೇಕೆಂದರೂ ಒಮ್ಮೆ ಕೈಗೆ ತೆಗೆದುಕೊಳ್ಳಲೇಬೇಕಲ್ಲ. ತೆಗೆದುಕೊಂಡಿದ್ದೀಯ ತಾನೇ, ಹಾಗಾದರೆ ಪೂರ್ತಿ ಓದು.

ಮೊದಲು ಸಂತೋಷದ ಸುದ್ದಿ. ನಮ್ಮ ತುಕ್ಕಿನ ಪುಡಿಗೆ ಕರೆ ಬಂದಿದೆ. ಮಾರ್ಚ್‌ನಲ್ಲಿ ನಡೆಯುವ ವಿದ್ಯಾರ್ಥಿಗಳ ವಿಜ್ಞಾನ ಸಮ್ಮೇಳನದಲ್ಲಿ ಅದರ ಬಗ್ಗೆ ಮಾತಾಡಬೇಕಂತೆ. ನಮ್ಮ ಕಾಲೇಜಿನಿಂದ ಇದುವರೆಗೆ ಯಾರನ್ನೂ ಕರೆದಿರಲಿಲ್ಲ. ಮೇಡಂ ಆ ಪತ್ರ ಹಿಡಿದು ಸ್ಟಾಫ್ ರೂಮಿನ ತುಂಬ ಓಡಾಡಿದರು, ಅವರ ಟೀ ಆರಿ ತಣ್ಣಗಾದದ್ದೂ ಅವರಿಗೆ ಗೊತ್ತಾಗಲಿಲ್ಲ. ಹಳೇ ಗೇಟಿನ ತುಕ್ಕು ಕೆರೆದು, ಇಟ್ಟಿಗೆ ಪುಡಿಯ ಜೊತೆ ಸುಟ್ಟು, ಅದರಿಂದ ದುಬಾರಿ ಲೋಹಗಳ ಕೆಲಸ ಮಾಡಿಸಿದವರು ಬೇರೆ ಯಾರಿದ್ದಾರೆ ಹೇಳು. ಚಿಟಿಕೆ ಪುಡಿ ಹಾಕಿದರೆ ನೈಟ್ರೋಫಿನಾಲಿನ ಆ ಗಾಢ ಹಳದಿ ನೀರು ಕಣ್ಣೆದುರಿಗೇ ತಿಳಿಯಾಗುತ್ತದೆ. ಪುಡಿ ಮಾತ್ರ ಇದ್ದ ಹಾಗೇ ಇರುತ್ತದೆ, ತಾನು ಖರ್ಚಾಗದೆ ಕೆಲಸ ಮುಗಿಸಿಕೊಡುತ್ತದೆ. ಪಕ್ಕದ ಬೆಂಚಿನವರು ಬಂದು ಬಂದು ನೋಡಿಕೊಂಡು ಹೋಗುತ್ತಿದ್ದಾರೆ.

ಇನ್ನೊಂದು ಸುದ್ದಿ ಆಫೀಸಿನ ಗುಮಾಸ್ತರಿಂದ ಗೊತ್ತಾಯಿತು. ನೀನು ಟಿ.ಸಿ.ಗೆ ಅರ್ಜಿ ಹಾಕಿದ್ದೀಯಂತೆ. ಕೊನೆಯ ವರ್ಷದ ನಡುವೆ ಕಾಲೇಜು ಬಿಟ್ಟುಹೋಗುತ್ತಾರೇನೇ, ತಲೆ ನೆಟ್ಟಗಿದೆಯಾ ನಿನಗೆ? ನಾನೊಂದು ಮಾತು ಆಡಿದೆ, ನಿಜ. ನೀನು ಮೂರು ಸಲ ಮಾಡಿದರೂ ಹಳದಿ ಹಾಗೇ ಉಳಿಯಿತು, ನಾನು ಮಾಡಿದಾಗಲೆಲ್ಲ ಹೋಯಿತು. ಮೇಡಂ ಕಾರಣ ಕೇಳಿದರು, ನನ್ನ ಬಾಯಲ್ಲಿ ಬಂದದ್ದು ಬಂತು. ಅದಕ್ಕೆ ಇಷ್ಟು ದೊಡ್ಡ ಮುನಿಸಾ? ಸಮ್ಮೇಳನಕ್ಕೆ ಇಬ್ಬರ ಹೆಸರೂ ಹೋಗಿದೆ. ಅರ್ಜಿ ವಾಪಸ್ ತೆಗೆದುಕೊಂಡು ಸೋಮವಾರದ ಬಸ್ಸು ಹತ್ತು.

ನಿನ್ನ,
ಗಡಿಬಿಡಿ


ಅಕ್ಕನ ಮನೆ, ಜನವರಿ 17

ಗಡಿಬಿಡಿ,

ಪೂರ್ತಿ ಓದಿದೆ. ಸಮ್ಮೇಳನದ ಸುದ್ದಿ ಕೇಳಿ ಸಂತೋಷವಾಯಿತು. ನೀನು ಚೆನ್ನಾಗಿ ಮಾತಾಡುತ್ತೀಯ, ಹೋಗಿ ಮಾತಾಡು.

ಬಾಯಲ್ಲಿ ಬಂದದ್ದು ಬಂತು ಎಂದು ಬರೆದಿದ್ದೀಯ, ಏನು ಬಂತೆಂದು ಬರೆದಿಲ್ಲ. ನಾನು ಬರೆಯುತ್ತೇನೆ. "ಪುಡೀಲೇನೂ ತಪ್ಪಿಲ್ಲ ಮೇಡಂ, ಇವಳ ಕೈಗುಣಾನೇ ಸರಿಯಿಲ್ಲ" ಅಂದೆ. ಲ್ಯಾಬಿನಲ್ಲಿ ಇಡೀ ಬ್ಯಾಚು ಇತ್ತು. ಯಾರೋ ನಕ್ಕರು. ಮೇಡಂ ನಗಲಿಲ್ಲ, ಆದರೆ ಅಲ್ಲವೆಂದೂ ಹೇಳಲಿಲ್ಲ. ನನ್ನ ಮೂರು ಪ್ರಯೋಗಗಳನ್ನು ಬಿಟ್ಟು ನಿನ್ನವನ್ನಷ್ಟೇ ಸಮ್ಮೇಳನಕ್ಕೆ ಕಳಿಸಿದರು.

ನನಗೆ ಬರೀ ಕೋಪ ಬಂದಿದ್ದರೆ ಚೆನ್ನಾಗಿತ್ತು. ನಾನು ಆ ಮಾತನ್ನು ನಂಬಿಬಿಟ್ಟೆ. ಈಗ ಅಕ್ಕ ಭಾವನ ಮೆಡಿಕಲ್ ಶಾಪಿನಲ್ಲಿ ಕೂರುತ್ತೇನೆ. ಮೊನ್ನೆ ಒಂದು ಟಾನಿಕ್ ಬಾಟಲಿ ಕೈಜಾರಿ ಒಡೆಯಿತು. ಯಾರ ಕೈಯಿಂದಲಾದರೂ ಜಾರುವಂಥದ್ದೇ, ಅಕ್ಕ ಏನೂ ಅನ್ನಲಿಲ್ಲ. ನಾನು ಮಾತ್ರ ನೆಲದ ಮೇಲೆ ಕೂತು ಗಾಜು ಆಯುತ್ತಾ, ನಿನ್ನ ಮಾತು ನೆನೆದು ಅತ್ತೆ. ಕೈಯಲ್ಲಿ ಏನೂ ಆಗದವಳಿಗೆ ಕೆಮಿಸ್ಟ್ರಿ ಯಾಕೆ ಎನಿಸಿ ಟಿ.ಸಿ. ಕೇಳಿದ್ದೇನೆ. ಅಪ್ಪ ಸಹಿಯನ್ನೂ ಹಾಕಿದ್ದಾರೆ.

ಒಂದೇ ಒಂದು ವಿಷಯ ತಲೆಯಿಂದ ಹೋಗುತ್ತಿಲ್ಲ. ಪುಡಿ ಒಂದೇ ಡಬ್ಬಿಯದು, ನೀರು ಒಂದೇ ಕ್ಯಾನಿನದು. ಫ್ಲಾಸ್ಕಿನ ಒಳಗಿರುವ ಪುಡಿಗೆ ಹೊರಗೆ ಯಾರು ನಿಂತಿದ್ದಾರೆಂದು ಹೇಗೆ ಗೊತ್ತಾಗುತ್ತದೆ? ಇದಕ್ಕೆ ಉತ್ತರ ಇದ್ದರೆ ಬರೆ. ಇಲ್ಲದಿದ್ದರೆ ಬರೆಯುವ ತೊಂದರೆ ತೆಗೆದುಕೊಳ್ಳಬೇಡ.

ಆಮೆ


ಹಾಸ್ಟೆಲ್, ಜನವರಿ 25

ಆಮೆ ತಾಯಿ,

ಉತ್ತರ ಇದೆ. ನೀನು ಹೆದರಿ ಹೆದರಿ ಮಾಡುತ್ತೀಯ. ಪುಡಿ ತೂಗುತ್ತೀಯ, ಮತ್ತೆ ತೂಗುತ್ತೀಯ, ಉಸಿರಿಗೆ ಹಾರೀತೆಂದು ಮೂಗು ಹಿಡಿದು ನಿಲ್ಲುತ್ತೀಯ. ತುಕ್ಕಿನ ಪುಡಿಯ ಜೊತೆ ಹಳದಿ ನೀರಿಗೆ ಹಾಕುವ ಆ ಬಿಳಿ ಬೋರೋಹೈಡ್ರೈಡ್ ಪುಡಿ ಇದೆಯಲ್ಲ, ನೀರಿಗೆ ಬಿದ್ದ ಮೇಲೆ ಅದು ನಿನಗಾಗಿ ಕಾಯುತ್ತಾ ಕೂರುವುದಿಲ್ಲ. ನೀನು ಮುಂದಿನ ಚಮಚ ಎತ್ತುವಷ್ಟರಲ್ಲಿ ಅದು ಹಳಸಿಹೋಗಿರುತ್ತದೆ. ನಾನು ಟಪಟಪ ಮುಗಿಸುತ್ತೇನೆ. ನನಗೂ ನಿನಗೂ ಇಷ್ಟೇ ವ್ಯತ್ಯಾಸ, ಇನ್ನೇನೂ ಇಲ್ಲ.

ಕೈಗುಣದ ಮಾತನ್ನು ನಿನ್ನ ದುಂಡು ಅಕ್ಷರದಲ್ಲಿ ಓದಿದಾಗ ಎದೆ ಚುರುಕ್ ಎಂದಿತು. ಹಾಗೆ ಅನ್ನಬಾರದಿತ್ತು. ಆದರೆ ಪುಡಿ ಮಾತ್ರ ಸರಿಯಾಗಿದೆ ಕಣೇ, ಅದನ್ನು ಬಿಟ್ಟುಕೊಡಲಾರೆ. ನಾವಿಬ್ಬರೂ ಗೇಟಿನ ಕೆಳಗೆ ಪೇಪರ್ ಹಾಸಿಕೊಂಡು ತುಕ್ಕು ಕೆರೆದದ್ದು, ವಾಚ್‌ಮನ್ ಬಂದು ಗೇಟು ಕದಿಯುತ್ತಿದ್ದೀರಾ ಎಂದು ಗದರಿಸಿದ್ದು, ಅದೆಲ್ಲ ಸುಮ್ಮನೆ ಹೋಗಬೇಕಾ?

ನಿನ್ನ ಸಾಮಾನಿನ ಡಬ್ಬ ಇನ್ನೂ ಶೆಲ್ಫಿನಲ್ಲೇ ಇದೆ. ಮೂತಿಯ ಚಕ್ಕೆ ಎದ್ದ ನಿನ್ನ ಫ್ಲಾಸ್ಕು, ನಿನ್ನ ಚಮಚ, ಕಲಕುವುದಕ್ಕೆ ಫ್ಲಾಸ್ಕಿನೊಳಗೆ ಬಿಡುವ ನಿನ್ನ ಪುಟ್ಟ ಮ್ಯಾಗ್ನೆಟ್ ಬೀಡು, ಎಲ್ಲ ಇದ್ದ ಹಾಗೇ ಇದೆ. ನಾಳೆಯಿಂದ ನಿನ್ನ ಜಾಗದಲ್ಲಿ ನಿಂತು ನಿನ್ನ ಸಾಮಾನಿನಲ್ಲೇ ಹಳದಿ ಓಡಿಸಿ ತೋರಿಸುತ್ತೇನೆ. ಆಗ ನಿನ್ನ ಕೈಯದೂ ತಪ್ಪಲ್ಲ, ಪುಡಿಯದೂ ತಪ್ಪಲ್ಲ, ಬರೀ ಹೆದರಿಕೆಯದು ಎಂದು ಒಪ್ಪಿಕೊಂಡು ಬಂದುಬಿಡು.

ನಿನ್ನ,
ಗಡಿಬಿಡಿ


ಹಾಸ್ಟೆಲ್, ಫೆಬ್ರವರಿ 2

ಆಮೆ,

ಹಳದಿ ಹೋಗಲಿಲ್ಲ.

ನಿನ್ನ ಫ್ಲಾಸ್ಕಿನಲ್ಲಿ ಎಲ್ಲ ಹಾಕಿ, ಬೀಡು ತಿರುಗಿಸುವ ಸ್ಟಿರರ್ ಚಾಲೂ ಮಾಡಿ, ಪಕ್ಕದ ಬೆಂಚಿನವರ ಜೊತೆ ಹರಟೆ ಹೊಡೆಯುತ್ತಾ ನಿಂತೆ. ತಿರುಗಿ ನೋಡಿದರೆ ಹಳದಿ. ಊಟ ಮಾಡಿ ಬಂದರೂ ಹಳದಿ. ಇನ್ನೊಮ್ಮೆ ನನ್ನದೇ ಟಪಟಪ ವೇಗದಲ್ಲಿ ಮಾಡಿದೆ, ಅದೇ ಕಥೆ. ಆಮೇಲೆ ನನ್ನ ಸಾಮಾನು ತೆಗೆದು ಮಾಡಿದೆ, ನೋಡನೋಡುತ್ತಲೇ ತಿಳಿಯಾಯಿತು. ಮೂರೂ ಸಲ ಕೈ ನನ್ನದೇ, ಪುಡಿಯೂ ಅದೇ ಡಬ್ಬಿಯದು.

ಯಾರಿಗೂ ಹೇಳಿಲ್ಲ. ಮೇಡಂ ಪೋಸ್ಟರಿಗೆ ಯಾವ ಬಣ್ಣ ಹಾಕಿಸೋಣ ಎಂದು ಕೇಳುತ್ತಿದ್ದಾರೆ, ನಾನು ಹೂಂ ಹೂಂ ಅನ್ನುತ್ತಾ ತಪ್ಪಿಸಿಕೊಂಡು ಓಡಾಡುತ್ತಿದ್ದೇನೆ. ಏನು ಮಾಡಲಿ ಹೇಳೇ.

ಗಡಿಬಿಡಿ


ಅಕ್ಕನ ಮನೆ, ಫೆಬ್ರವರಿ 9

ಗಡಿಬಿಡಿ,

ಓದಿದ ಕೂಡಲೇ ನಗು ಬಂತು, ಸುಳ್ಳು ಹೇಳುವುದಿಲ್ಲ. ಅಂಗಡಿಯಲ್ಲಿ ನಿಂತಿದ್ದ ಗಿರಾಕಿಯೊಬ್ಬರು ನನ್ನ ಮುಖ ನೋಡಿ, ಏನಮ್ಮಾ ಮದುವೆ ಗೊತ್ತಾಯಿತಾ ಎಂದು ಕೇಳಿದರು. ಸ್ವಲ್ಪ ಹೊತ್ತಿಗೆ ನಗು ಹೋಯಿತು. ಆ ಹಳದಿಯ ಎದುರು ಕೂತರೆ ಹೇಗಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತು.

ಕೇಳು. ನನ್ನ ಸಾಮಾನಿಗೂ ನಿನ್ನ ಸಾಮಾನಿಗೂ ಏನೋ ವ್ಯತ್ಯಾಸ ಇದೆ. ಏನಿರಬಹುದೆಂದು ಊಹಿಸುತ್ತಾ ಕೂರಬೇಡ. ನಿನ್ನ ಸಾಮಾನಿನಲ್ಲೇ ಮಾಡು, ಪ್ರತಿ ಸಲಕ್ಕೂ ಒಂದನ್ನು ಮಾತ್ರ ನನ್ನದಕ್ಕೆ ಬದಲಾಯಿಸು. ಒಂದೇ ಸಲಕ್ಕೆ ಎರಡು ಬದಲಾಯಿಸಿದೆಯೋ, ಯಾವುದರಿಂದ ಏನಾಯಿತೆಂದು ದೇವರಿಗೂ ಗೊತ್ತಾಗುವುದಿಲ್ಲ. ನಿನಗೆ ಬೇಜಾರು ಬರುತ್ತದೆ, ಬಂದರೂ ಮಾಡು.

ಇನ್ನೊಂದು. ತುಕ್ಕಿನ ಪುಡಿಯೇ ಇಲ್ಲದೆ ಒಮ್ಮೆ ಖಾಲಿ ಪರೀಕ್ಷೆ ಮಾಡಿದ್ದೆವಲ್ಲ, ಹಳದಿ ಉಳಿಯಿತು, ಹಾಗಾದರೆ ಕೆಲಸವೆಲ್ಲ ಪುಡಿಯದೇ ಎಂದುಕೊಂಡೆವಲ್ಲ. ನೆನಪು ಮಾಡಿಕೊಂಡೆ, ಅದನ್ನು ಮಾಡಿದ್ದು ನಾನು, ನನ್ನ ಸಾಮಾನಿನಲ್ಲಿ. ನಿನ್ನದರಲ್ಲಿ ಖಾಲಿ ಪರೀಕ್ಷೆ ಮಾಡಲೇ ಇಲ್ಲ ನಾವು. ಅದನ್ನೂ ಮಾಡು.

ಟಿ.ಸಿ. ತಿಂಗಳ ಕೊನೆಗೆ ಸಿದ್ಧವಾಗುತ್ತದಂತೆ. ಅದು ಬೇರೆ ವಿಷಯ, ಇದನ್ನು ತಂದು ಅದಕ್ಕೆ ಗಂಟು ಹಾಕಬೇಡ.

ಆಮೆ


ಹಾಸ್ಟೆಲ್, ಫೆಬ್ರವರಿ 18

ಆಮೆ,

ಬೀಡು ಕಣೇ. ನನ್ನ ಬೀಡು.

ನೀನು ಹೇಳಿದ ಹಾಗೇ ಮಾಡಿದೆ, ಜೀವನದಲ್ಲಿ ಮೊದಲನೇ ಸಲ. ಫ್ಲಾಸ್ಕು ಬದಲಾಯಿಸಿದೆ, ಹಳದಿ ಹೋಯಿತು. ಚಮಚ ಬದಲಾಯಿಸಿದೆ, ಹೋಯಿತು. ನಿನ್ನ ಏಪ್ರನ್ ಕೂಡ ಹಾಕಿಕೊಂಡು ನೋಡಿದೆ, ನಗಬೇಡ. ಕೊನೆಗೆ ಉಳಿದದ್ದು ಬೀಡು. ಅದೊಂದನ್ನು ಮಾತ್ರ ನಿನ್ನದು ಹಾಕಿ ಮಿಕ್ಕಿದ್ದೆಲ್ಲ ನನ್ನದೇ ಇಟ್ಟುಕೊಂಡೆ, ಹಳದಿ ಉಳಿಯಿತು. ಆಗ ನೀನು ಹೇಳಿದ ಖಾಲಿ ಪರೀಕ್ಷೆಯನ್ನೂ ಮಾಡಿದೆ. ನನ್ನ ಬೀಡನ್ನು ಚೆನ್ನಾಗಿ ತೊಳೆದು, ತುಕ್ಕಿನ ಪುಡಿ ಬಿಟ್ಟು ಮಿಕ್ಕಿದ್ದೆಲ್ಲ ಹಾಕಿ, ಬರೀ ಬೀಡೊಂದನ್ನೇ ಹಳದಿ ನೀರಿಗೆ ಬಿಟ್ಟೆ. ಪುಡಿಯ ಸುಳಿವೇ ಇಲ್ಲದೆ ಹಳದಿ ಹೋಯಿತು.

ನಿನಗೆ ಸಿಕ್ಕಿದ್ದು ಹೊಸ ಪೊಟ್ಟಣದ ಬಿಳಿ ಬೀಡು. ಪೊಟ್ಟಣ ಬಿಚ್ಚುವವರೆಗೆ ಕಾಯಲಾರದೆ ನಾನು ಹಳೇ ಡ್ರಾಯರಿನಿಂದ ಒಂದನ್ನು ಎತ್ತಿಕೊಂಡಿದ್ದೆ, ಮೈಮೇಲೆ ಬೂದು ಕಲೆ ಇದ್ದದ್ದು. ಹೋದ ವರ್ಷದವರು ಅದರಲ್ಲಿ ಆ ದುಬಾರಿ ಲೋಹಗಳಲ್ಲೊಂದಾದ ಪಲ್ಲಾಡಿಯಮ್ ಕೆಲಸ ಮಾಡಿದ್ದರಂತೆ. ತೊಳೆದರೂ ಬಿಡದ ಒಂದಿಷ್ಟು ಲೋಹ ಅದರ ಗೀರುಗಳಲ್ಲಿ ಕೂತಿದೆ, ಹಳದಿ ಓಡಿಸಿದ್ದೆಲ್ಲ ಅದೇ. ನಮ್ಮ ತುಕ್ಕು ಸುಮ್ಮನೆ ಸುತ್ತು ಹಾಕುತ್ತಿತ್ತು. ನಿನ್ನ ಮೂರು ಪ್ರಯೋಗವೂ ಸರಿ. ನಾನು ಮಾಡಿದ್ದು ಒಂದೂ ಸರಿಯಲ್ಲ.

ಆ ಬೀಡನ್ನು ಜೇಬಿಗೆ ಹಾಕಿಕೊಂಡು ಆಟದ ಮೈದಾನದ ಸುತ್ತ ತಿರುಗಿದೆ. ಹಾಗೇ ಜೇಬಿನಲ್ಲಿಟ್ಟುಕೊಂಡು ಸಮ್ಮೇಳನಕ್ಕೆ ಹೋಗಬಹುದಿತ್ತು. ಎಲ್ಲರೆದುರು ಹಳದಿ ಓಡಿಸಿ ಬಂದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಿಜ ಹೇಳುತ್ತೇನೆ, ಆಸೆಯಾಯಿತು. ಆದರೆ ನೀನಲ್ಲಿ ಮಾತ್ರೆ ಎಣಿಸುತ್ತಾ ನಿನ್ನ ಕೈಯನ್ನೇ ಬೈದುಕೊಂಡು ಕೂತಿರುತ್ತೀಯ, ನಾನಿಲ್ಲಿ ಚಪ್ಪಾಳೆ ಹೊಡೆಸಿಕೊಳ್ಳುತ್ತಿರುತ್ತೇನೆ. ಅದು ನನ್ನಿಂದಾಗಲಿಲ್ಲ.

ಮೇಡಂಗೆ ಹೇಳಿದೆ. ಬೀಡು ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಬೈದರು, ಚೆನ್ನಾಗಿಯೇ ಬೈದರು, ತಮ್ಮನ್ನೂ ಸೇರಿಸಿಕೊಂಡು ಬೈದರು. ಸಮ್ಮೇಳನದವರಿಗೆ ಬರುವುದಿಲ್ಲ ಎಂದು ಬರೆದುಬಿಡಲಾ ಎಂದು ಕೇಳಿದೆ.

"ಯಾಕೆ ಬರೀಬೇಕು? ಹೋಗಿ ಇದನ್ನೇ ಹೇಳು. ಅವಳು ಮಾಡಿದ್ದನ್ನ ಮೊದಲು ಹೇಳು" ಅಂದರು.

ಅವತ್ತಿನ ಮಾತು ಇಡೀ ಬ್ಯಾಚಿನ ಎದುರು ಆಡಿದ್ದೆ, ಇದನ್ನೂ ಅವರೆದುರೇ ಆಡಿದೆ. ಸ್ಟೂಲಿನ ಮೇಲೆ ಹತ್ತಿ ನಿಂತೆ, ನನ್ನ ಸ್ವಭಾವ ಗೊತ್ತಲ್ಲ. "ಅವಳು ಮಾಡಿದ್ದೇ ಸರಿ ಇತ್ತು. ಅವಳ ಕೈ ಬಗ್ಗೆ ನಾನು ಆಡಿದ್ದು ದೊಡ್ಡ ತಪ್ಪು" ಅಂದೆ. ಈ ಸಲ ಯಾರೂ ನಗಲಿಲ್ಲ. ನನ್ನನ್ನು ಕ್ಷಮಿಸು ಕಣೇ. ಬಾ.

ಗಡಿಬಿಡಿ


ಅಕ್ಕನ ಮನೆ, ಫೆಬ್ರವರಿ 26

ಗಡಿಬಿಡಿ,

ನಿನ್ನ ಕಾಗದ ಓದಿ, ಅಂಗಡಿಯ ಹಿಂದಿನ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳ ನಡುವೆ ಕೂತು ಮನಸಾರೆ ಅತ್ತೆ. ಅಕ್ಕ ಹುಡುಕಿಕೊಂಡು ಬಂದಳು. ಅವಳಿಗೂ ಓದಿಸಿದೆ. ಸರಿ ಹಾಗಾದರೆ, ಟಿ.ಸಿ. ಬೇಡವೆಂದು ಇವತ್ತೇ ಬರೆದುಬಿಡು ಅಂದಳು. ನೀನೂ ಅದಕ್ಕೇ ಕಾಯುತ್ತಿದ್ದೀಯ. ನನಗೆ ಅಷ್ಟು ಸುಲಭವಾಗಿ ಬರೆಯಲಾಗುತ್ತಿಲ್ಲ.

ನಾನು ಮಾಡಿದ್ದು ಸರಿಯಾಗಿತ್ತು, ಒಪ್ಪಿದೆ. ಆದರೂ ನನ್ನ ಕೈಯಲ್ಲಿ ಇದುವರೆಗೆ ಒಂದೂ ಆದದ್ದಿಲ್ಲವಲ್ಲ. ಆ ಹಳದಿ ಒಮ್ಮೆಯಾದರೂ ನನ್ನೆದುರು ಹೋಗಬೇಕು, ಅದೂ ನಾನೇ ಮಾಡಿದ ಪುಡಿಯಿಂದ ಹೋಗಬೇಕು. ಅದನ್ನು ನೋಡದೆ ಉಳಿದರೆ ನಿನ್ನ ಅವತ್ತಿನ ಮಾತು ನನ್ನ ಬೆನ್ನು ಬಿಡುವುದಿಲ್ಲ. ನೀನು ವಾಪಸ್ ತೆಗೆದುಕೊಂಡಿದ್ದೀಯ, ನನಗೆ ಗೊತ್ತು. ಒಳಗೆ ಕೂತದ್ದು ಇನ್ನೂ ಎದ್ದಿಲ್ಲ.

ಅದಕ್ಕೆ ಹೀಗೆ ಮಾಡೋಣ. ಆಫೀಸಿನವರು ಮಾರ್ಚ್ ಕೊನೆಯವರೆಗೆ ಟಿ.ಸಿ. ಇಟ್ಟುಕೊಂಡಿರುತ್ತಾರಂತೆ. ನೀನು ಸಮ್ಮೇಳನಕ್ಕೂ ಅದರ ಬೆನ್ನಿಗೇ ನಡೆಯುವ ತರಬೇತಿಗೂ ಹೋಗುತ್ತೀಯಲ್ಲ, ನೀನು ಹೊರಟ ಮೇಲೆ ನಾನು ಬರುತ್ತೇನೆ. ನೀನು ಪಕ್ಕದಲ್ಲಿದ್ದರೆ ನನಗೆ ಕೈ ಓಡುವುದಿಲ್ಲ, ಬೇಸರ ಮಾಡಿಕೊಳ್ಳಬೇಡ. ಬರೀ ತುಕ್ಕಿನಿಂದ ಆಗುವುದಿಲ್ಲವೆಂದು ಈಗ ಖಾತ್ರಿಯಾಯಿತು. ತುಕ್ಕಿಗೆ ತಾಮ್ರ ಸೇರಿಸಿ ಸುಟ್ಟರೆ ಆಗುತ್ತದೆಂದು ಓದಿದ್ದೇನೆ, ಅದನ್ನು ನಮ್ಮ ಗೇಟಿನ ತುಕ್ಕಿನಲ್ಲೇ ಮಾಡುತ್ತೇನೆ. ಬೀಡಿನ ಸಹವಾಸ ಬೇಡವೇ ಬೇಡ, ಹೊಸ ಗಾಜಿನ ಕಡ್ಡಿ ತಂದು ಕೈಯಲ್ಲೇ ಕಲಕುತ್ತೇನೆ.

ನೀನು ವಾಪಸ್ ಬರುವಷ್ಟರಲ್ಲಿ ಹಳದಿ ಹೋದರೆ ಉಳಿಯುತ್ತೇನೆ. ಹೋಗದಿದ್ದರೆ ಟಿ.ಸಿ. ತೆಗೆದುಕೊಂಡು ಹೊರಡುತ್ತೇನೆ, ಆಗ ನೀನು ತಡೆಯಬಾರದು.

ಆಮೆ


ತರಬೇತಿ ಕೇಂದ್ರ, ಮಾರ್ಚ್ 16

ಆಮೆ,

ಮಾತಾಡಿದೆ. ಬಹುಮಾನ ಬರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮೇಡಂ ಹೇಳಿದಂತೆ ನಿನ್ನ ಮೂರು ಪ್ರಯೋಗಗಳನ್ನು ಮೊದಲು ತೋರಿಸಿದೆ. ಆಮೇಲೆ ನನ್ನವು, ಆಮೇಲೆ ಬೀಡು. ಬೀಡಿನ ಚಿತ್ರ ಬಂದಾಗ ಸಭಾಂಗಣದ ತುಂಬ ನಗು, ನನಗೆ ಕಿವಿಯೆಲ್ಲ ಬಿಸಿಯಾಯಿತು. ನಿಂತೇ ಇದ್ದೆ, ನಗು ಮುಗಿಯಲಿ ಎಂದು. ಮುಂದಿನ ಸಾಲಿನಲ್ಲಿ ಕೂತಿದ್ದ ವಯಸ್ಸಾದ ಪ್ರೊಫೆಸರ್ ಒಬ್ಬರು, ಇದನ್ನು ಹೇಗೆ ಕಂಡುಹಿಡಿದಿರಿ ಎಂದು ಕೇಳಿದರು. ಕಾಗದದಲ್ಲೇ ನನ್ನ ಕಿವಿ ಹಿಂಡಿ ಒಂದೊಂದನ್ನೇ ಬದಲಾಯಿಸುವಂತೆ ಮಾಡಿದ ಗೆಳತಿ ಇದ್ದಾಳೆ ಅಂದೆ. ಅವರು ನಗದೆ ತಲೆಯಾಡಿಸಿ ಏನೋ ಬರೆದುಕೊಂಡರು. ಊಟದ ಸಾಲಿನಲ್ಲಿ ಬೇರೆ ಕಾಲೇಜಿನ ಹುಡುಗಿಯೊಬ್ಬಳು ನನ್ನ ಹಿಂದೆ ನಿಂತು, ತಮ್ಮ ಲ್ಯಾಬಿನಲ್ಲೂ ಇಂಥದ್ದೇ ಬೂದು ಬೀಡು ಇದೆ, ತನಗೆ ಬಂದ ಫಲಿತಾಂಶದ ಮೇಲೆ ಈಗ ಸಂಶಯ ಬಂದಿದೆ ಅಂದಳು. ಪಾಪ, ತಟ್ಟೆಗೆ ಬಡಿಸಿಕೊಳ್ಳುವುದನ್ನೂ ಮರೆತು ನಿಂತಿದ್ದಳು. ನೀನು ನನಗೆ ಹೇಳಿಕೊಟ್ಟದ್ದನ್ನೆಲ್ಲ ಅವಳಿಗೆ ಹೇಳಿಕೊಟ್ಟೆ.

ನಿನ್ನ ಷರತ್ತು ನನಗೆ ಹಿಡಿಸಿಲ್ಲ. ಬೇಡ ಅನ್ನುವುದಕ್ಕೆ ನನಗೆ ಬಾಯಿಲ್ಲ, ಅದಕ್ಕೇ ಒಪ್ಪಿಕೊಂಡೆ. ಆದರೆ ಒಂದು ಮಾತು ಹೇಳಲೇಬೇಕು. ಹಳದಿ ಹೋದರೂ ಉಳಿದರೂ ನೀನು ಒಳ್ಳೆಯ ಕೆಮಿಸ್ಟ್. ನಾನು ಕೆಟ್ಟದ್ದಾಗಿ ಆಡಿದ ಮಾತನ್ನು ಅಷ್ಟು ಗಟ್ಟಿಯಾಗಿ ನಂಬಿದೆಯಲ್ಲ, ಇದನ್ನೂ ಸ್ವಲ್ಪ ನಂಬು. ಇಲ್ಲಿ ಸಂಜೆಯ ಹೊತ್ತು ಎಲ್ಲರೂ ಊರು ಸುತ್ತಲು ಹೋಗುತ್ತಾರೆ. ನಾನು ರೂಮಿನಲ್ಲಿ ಕೂತು, ಇಷ್ಟು ಹೊತ್ತಿಗೆ ಪುಡಿ ಒಣಗಿರಬಹುದಾ, ಫರ್ನೇಸಿಗೆ ಇಟ್ಟಿರಬಹುದಾ ಎಂದು ಯೋಚಿಸುತ್ತಿರುತ್ತೇನೆ. ಫೋನ್ ಮಾಡುವುದಿಲ್ಲ, ನಿನ್ನ ಪಕ್ಕಕ್ಕೆ ಬರುವುದಿಲ್ಲವೆಂದು ಒಪ್ಪಿದ್ದೇನಲ್ಲ. ಏನಾದರೂ ಬರೆ.

ನಿನ್ನ,
ಗಡಿಬಿಡಿ


ಲ್ಯಾಬ್, ಮಾರ್ಚ್ 24

ಗಡಿಬಿಡಿ,

ಸ್ಟೂಲಿನ ಮೇಲೆ ಕೂತು ಬೆಂಚಿನ ಮೇಲೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಸುಧಾರಿಸಿಕೊಂಡು ಓದು.

ತುಕ್ಕನ್ನೂ ಹಳೇ ವೈರಿನ ತಾಮ್ರವನ್ನೂ ಬೇರೆ ಬೇರೆಯಾಗಿ ಆಮ್ಲದಲ್ಲಿ ಕರಗಿಸಿ, ಸೇರಿಸಿ, ಕಾಸ್ಟಿಕ್ ಸೋಡಾ ಹಾಕಿದೆ. ಗಟ್ಟಿ ಕಂದು ಕೆಸರು ಬಂತು. ತೊಳೆದು, ಒಣಗಿಸಿ, ಫರ್ನೇಸಿನಲ್ಲಿಟ್ಟೆ. ಮೊದಲನೆಯ ಸಲ ಬಿಸಿ ಜಾಸ್ತಿಯಾಗಿ ಹೆಂಟೆ ಕಟ್ಟಿತು, ಕುಟ್ಟಿ ಪುಡಿ ಮಾಡಿ ಹಾಕಿದರೂ ಹಳದಿ ಜಪ್ಪಯ್ಯ ಅನ್ನಲಿಲ್ಲ. ಎರಡನೆಯ ಸಲ ಸರಿಯಾಗಿ ತೊಳೆಯದೆ ಉಪ್ಪು ಉಳಿದುಕೊಂಡಿತ್ತು, ಅದೂ ಕೆಟ್ಟಿತು. ಅವತ್ತು ಮಧ್ಯಾಹ್ನ ಆಫೀಸಿಗೆ ಹೋದೆ. ಗುಮಾಸ್ತರು ಟಿ.ಸಿ. ಎತ್ತಿ ಕೊಡಲು ಬಂದರು. ನನಗೆ ಮಾತ್ರ ನಾಳೆ ಎಷ್ಟು ಸಲ ತೊಳೆಯಬೇಕು, ಫರ್ನೇಸು ಎಷ್ಟಕ್ಕೆ ಇಳಿಸಬೇಕು ಎನ್ನುವುದೇ ತಲೆಯಲ್ಲಿ ಓಡುತ್ತಿತ್ತು. ಹೀಗಿರುವಾಗ ಅದನ್ನು ತೆಗೆದುಕೊಂಡು ಏನು ಮಾಡಲಿ? ಬೇಡವೆಂದು ಬರೆದುಕೊಟ್ಟು ಬಂದೆ. ನಿನ್ನ ಕಾಗದ ಅದರ ಮಾರನೆಯ ದಿನ ತಲುಪಿತು. ಅಂದರೆ ನಾನು ಉಳಿದದ್ದು ಹಳದಿ ಹೋದದ್ದಕ್ಕಲ್ಲ, ನಿನ್ನ ಮಾತಿಗೂ ಅಲ್ಲ. ಕೊಬ್ಬಬೇಡ.

ಮೂರನೆಯದು ಆಯಿತು. ಪುಡಿ ಹಾಕಿ ಗಾಜಿನ ಕಡ್ಡಿಯಿಂದ ಕಲಕುತ್ತಾ ನಿಂತೆ. ತುಂಬ ಹೊತ್ತು ಏನೂ ಆಗಲಿಲ್ಲ, ತೋಳು ನೋಯತೊಡಗಿತು. ನಿಲ್ಲಿಸಲಿಲ್ಲ. ಆಮೇಲೆ ಸಣ್ಣ ಗುಳ್ಳೆಗಳು ಎದ್ದವು, ಅಂಚಿನಲ್ಲಿ ಹಳದಿ ತೆಳುವಾಯಿತು, ನಿಂಬೆರಸದ ಬಣ್ಣಕ್ಕೆ ಬಂತು, ಆಮೇಲೆ ಬರೀ ನೀರು. ಫ್ಲಾಸ್ಕನ್ನು ಕಿಟಕಿಗೆ ಹಿಡಿದು ನೋಡಿದೆ, ಆಚೆ ಸೈಕಲ್ ಸ್ಟ್ಯಾಂಡು ಸ್ಪಷ್ಟವಾಗಿ ಕಾಣಿಸಿತು. ಬಾಯಿ ಬಿಟ್ಟು ನಕ್ಕೆ, ಒಬ್ಬಳೇ. ಕೂಡಲೇ ಅದೇ ಕಡ್ಡಿ, ಅದೇ ಫ್ಲಾಸ್ಕು ತೊಳೆದು ಪುಡಿ ಇಲ್ಲದೆ ಮಾಡಿದೆ. ಹಳದಿ ಸಂಜೆಯವರೆಗೂ ಉಳಿಯಿತು. ಮರುದಿನ ಎರಡನ್ನೂ ಮತ್ತೆ ಮಾಡಿದೆ, ಹಾಗೇ ಆಯಿತು. ನಿನ್ನ ಬೀಡಿನಷ್ಟು ವೇಗವಿಲ್ಲ, ಆದರೆ ಇದು ನಮ್ಮದು. ಕೆಲಸ ಮುಗಿದ ಮೇಲೆ ಫ್ಲಾಸ್ಕಿನ ಹೊರಗೆ ಒಂದು ಮ್ಯಾಗ್ನೆಟ್ ಹಿಡಿದರೆ ಪುಡಿಯೆಲ್ಲ ಬಂದು ಗೋಡೆಗೆ ಅಂಟಿಕೊಳ್ಳುತ್ತದೆ, ನೋಡಲು ಬಲು ಚಂದ.

ಮೇಡಂಗೆ ಇನ್ನೂ ಹೇಳಿಲ್ಲ. ಒಬ್ಬರ ಕೈಯಲ್ಲಿ ಮಾತ್ರ ಆದದ್ದನ್ನು ನಂಬಿ ಏನಾಯಿತೆಂದು ನೋಡಿದ್ದೇವಲ್ಲ. ಈಗ ನೀನು ಬಂದು ಮಾಡಬೇಕು. ಬಸ್ಸು ಇಳಿದವಳೇ ನೇರ ಇಲ್ಲಿಗೆ ಬಾ. ನಾನು ಹೇಗೆ ಮಾಡಿದೆನೆಂದು ಒಂದೂ ಬಿಡದೆ ಬರೆದು ಡಬ್ಬಿಯ ಪಕ್ಕದಲ್ಲಿಟ್ಟಿದ್ದೇನೆ. ಜೊತೆಗೆ ನಿಲ್ಲು ಎಂದರೆ ನಿಲ್ಲುತ್ತೇನೆ, ಬೇಡವೆಂದರೆ ಕಾರಿಡಾರಿನಲ್ಲಿ ಕೂತಿರುತ್ತೇನೆ. ಹಳದಿ ಹೋಗದಿದ್ದರೆ ಹೋಗಲಿಲ್ಲವೆಂದು ಬರೆದುಕೊಂಡು ಇಬ್ಬರೂ ಮತ್ತೆ ಮೊದಲಿನಿಂದ ಶುರು ಮಾಡೋಣ. ನಿನ್ನ ಕೈಗೆ ನಾನು ಏನೂ ಅನ್ನುವುದಿಲ್ಲ.

ನಿನ್ನ,
ಆಮೆ